ಸ್ಯಾಟಲೈಟ್ ಇಮೇಜ್‌ನಿಂದ ಹೇಜ್ ತೆಗೆಯೋದು: ನಾನು ಮಾಡೋ ರೀತಿ

ಲ್ಯಾಂಡ್‌ಸ್ಯಾಟ್ 8 ಉಪಗ್ರಹದ ಲೆವೆಲ್-1 (ಗಾಳಿಯ ಪ್ರಭಾವ ಸರಿಪಡಿಸಿರದ) ಇಮೇಜ್‌ನಲ್ಲಿ ಬ್ಲೂ ಬ್ಯಾಂಡ್ (ನೀಲಿ ಬೆಳಕಿನ ಚಿತ್ರ) ಒಂದನ್ನೇ ಹಾಕಿ ನೋಡಿ, ಆಳವಾದ ತಿಳಿನೀರೂ ಕಪ್ಪಗಿರಲ್ಲ, ಬೂದು ಬೂದು ಕಾಣತ್ತೆ, ಅದೇ ಜಾಗ ಎಸ್‌ಡಬ್ಲ್ಯೂಐಆರ್ (ಶಾರ್ಟ್‌ವೇವ್ ಇನ್‌ಫ್ರಾರೆಡ್) ಬ್ಯಾಂಡ್‌ನಲ್ಲಿ ಕಡುಕಪ್ಪು. ಆ ಬೂದು ನೀರಿಂದ ಬಂದಿದ್ದಲ್ಲ, ನೆಲ ಮುಟ್ಟದೆ ಗಾಳಿಯಲ್ಲೇ ಚದುರಿ ಸೆನ್ಸರ್‌ಗೆ ಸೇರಿದ ಬೆಳಕು, ಇದೇ ಹೇಜ್. ಇದನ್ನ ತೆಗೀದೆ ಎನ್‌ಡಿವಿಐ (ರೆಡ್ ಮತ್ತು ಎನ್‌ಐಆರ್ ಅಂದ್ರೆ ನಿಯರ್ ಇನ್‌ಫ್ರಾರೆಡ್ ಬ್ಯಾಂಡ್‌ಗಳಿಂದ ಗಿಡಗಳ ಹಸಿರು ಅಳೆಯೋ ಸೂಚ್ಯಂಕ) ಲೆಕ್ಕ ಹಾಕ್ಬೇಡಿ ಅಂತ ಎಲ್ರಿಗೂ ಹೇಳ್ತೀನಿ.

ನಾನು ಮಾಡೋದು ಡಾರ್ಕ್ ಆಬ್ಜೆಕ್ಟ್ ಸಬ್‌ಟ್ರಾಕ್ಷನ್, ಅಂದ್ರೆ ಕಪ್ಪಗಿರಬೇಕಾದ ಜಾಗದಲ್ಲಿ ಕಾಣೋ ಬೆಳಕನ್ನ ಇಡೀ ಇಮೇಜ್‌ನಿಂದ ಕಳೆಯೋದು. ಮೊದ್ಲು ಡಿಎನ್ (ಪಿಕ್ಸೆಲ್‌ನ ಕಚ್ಚಾ ಸಂಖ್ಯೆ) ಅನ್ನ 0.00002ರಿಂದ ಗುಣಿಸಿ 0.1 ಕಳೆದು, ಸೂರ್ಯನ ಎಲಿವೇಶನ್ ಕೋನದ ಸೈನ್‌ನಿಂದ ಭಾಗಿಸಿ ರಿಫ್ಲೆಕ್ಟೆನ್ಸ್ (ಬಿದ್ದ ಬೆಳಕಲ್ಲಿ ವಾಪಸ್ ಬಂದ ಪಾಲು) ಮಾಡ್ಕೋತೀನಿ, ಈ ಸಂಖ್ಯೆಗಳೆಲ್ಲಾ ಇಮೇಜ್ ಜೊತೆ ಬರೋ ಎಂಟಿಎಲ್ ಫೈಲ್‌ನಲ್ಲೇ ಇರತ್ತೆ (ಪೈಥಾನ್‌ನಲ್ಲಾದ್ರೆ ಕೋನನ ರೇಡಿಯನ್‌ಗೆ ಬದಲಾಯಿಸ್ಕೊಳ್ಳಿ). ಆಮೇಲೆ ಅಂಚಿನ ಡೇಟಾ ಇಲ್ಲದ (ಡಿಎನ್ ಸೊನ್ನೆ) ಪಿಕ್ಸೆಲ್ ಬಿಟ್ಟು ಬ್ಲೂ ಹಿಸ್ಟೋಗ್ರಾಮ್ (ಯಾವ ವ್ಯಾಲ್ಯೂ ಎಷ್ಟು ಪಿಕ್ಸೆಲ್‌ಗಿದೆ ಅನ್ನೋ ಗ್ರಾಫ್) ನೋಡ್ತೀನಿ. ಅತೀ ಕಡಿಮೆ ವ್ಯಾಲ್ಯೂ ತಗೊಳ್ಳಲ್ಲ, ಅದು ಒಂದೆರಡು ಕೆಟ್ಟ ಪಿಕ್ಸೆಲ್ ಇರ್ಬೋದು, ಗ್ರಾಫ್ ಎಲ್ಲಿ ದಿಢೀರ್ ಅಂತ ಮೇಲೇಳತ್ತೋ ಅಲ್ಲಿಂದ ತಗೋತೀನಿ. ಅದು 0.09 ಅಂದ್ಕೊಳ್ಳಿ, ಯಾವ ವಸ್ತುವೂ ಪೂರ್ತಿ ಕಪ್ಪಲ್ಲ ಅಂತ 0.01 ಬಿಟ್ರೆ ಹೇಜ್ 0.08.

ಇಲ್ಲೇ ಮುಖ್ಯ ವಿಷ್ಯ. ಪ್ರತಿ ಬ್ಯಾಂಡ್‌ನಿಂದ ಅದರದರ ಮಿನಿಮಮ್ ಕಳೆಯೋದು ಸುಲಭ, ಆದ್ರೆ ಬ್ಯಾಂಡ್‌ಗಳ ನಡುವಿನ ಸಂಬಂಧ ಕೆಡತ್ತೆ, ಯಾಕಂದ್ರೆ ಚದುರುವಿಕೆ ತರಂಗಾಂತರದ ಮೇಲೆ ನಿಂತಿದೆ. ಈ ವಿಧಾನದ ಬಗ್ಗೆ ಬರೆದ ಸಂಶೋಧಕ ಚಾವೆಜ್ 1988ರಲ್ಲಿ ಹೇಳಿದ್ದು ಇದನ್ನೇ: ಹೇಜ್ ತರಂಗಾಂತರದ ಒಂದು ಘಾತಕ್ಕೆ ಅನುಪಾತದಲ್ಲಿರತ್ತೆ, ತುಂಬಾ ಸ್ವಚ್ಛ ಗಾಳಿಗೆ ಆ ಘಾತ -4, ಸ್ವಚ್ಛಕ್ಕೆ -2, ಸಾಧಾರಣಕ್ಕೆ -1, ಮಬ್ಬಿದ್ರೆ -0.7, ತೀರಾ ಮಬ್ಬಿದ್ರೆ -0.5. ಹಾಗಾಗಿ ಬ್ಲೂ ಒಂದನ್ನೇ ಅಳೆದು ಉಳಿದಿದ್ದನ್ನ ಲೆಕ್ಕ ಹಾಕ್ತೀನಿ. -2 ತಗೊಂಡ್ರೆ ರೆಡ್‌ಗೆ 0.043, ಎನ್‌ಐಆರ್‌ಗೆ 0.025 ಬರತ್ತೆ. ರೆಡ್ 0.08, ಎನ್‌ಐಆರ್ 0.30 ಇರೋ ಗಿಡದ ಪಿಕ್ಸೆಲ್‌ನಲ್ಲಿ ಎನ್‌ಡಿವಿಐ 0.58 ಇದ್ದಿದ್ದು 0.76 ಆಗತ್ತೆ, ಇಷ್ಟು ದೊಡ್ಡ ವ್ಯತ್ಯಾಸ!

ಕಳೆದಮೇಲೆ ಎನ್‌ಐಆರ್‌ನಲ್ಲಿ ನೀರಿನ ಪಿಕ್ಸೆಲ್‌ಗಳು ರಾಶಿ ರಾಶಿ ಮೈನಸ್‌ಗೆ ಹೋದ್ರೆ ಜಾಸ್ತಿ ಕಳೆದಿದೀವಿ ಅಂತರ್ಥ, ಮಾಡೆಲ್ (ಅಂದ್ರೆ ಆ ಘಾತ) ಬದಲಾಯಿಸಿ ಮತ್ತೆ ಮಾಡ್ತೀನಿ.

ಇಡೀ ಸೀನ್‌ಗೆ ಒಂದೇ ವ್ಯಾಲ್ಯೂ ಕಳೆಯೋದ್ರಿಂದ ಅಲ್ಲಲ್ಲಿ ಮಾತ್ರ ಇರೋ ಮಬ್ಬು ಇದ್ರಲ್ಲಿ ಹೋಗಲ್ಲ, ನೆಲದಿಂದ ಬರುವಾಗ ದಾರಿಲಿ ಕಳೆದುಹೋದ ಬೆಳಕೂ ವಾಪಸ್ ಸಿಗಲ್ಲ. ಬೇರೆ ಬೇರೆ ವರ್ಷದ ಇಮೇಜ್ ಹೋಲಿಸೋದಿದ್ರೆ ಗಾಳಿಯ ಪ್ರಭಾವ ಮೊದ್ಲೇ ಸರಿಪಡಿಸಿರೋ ಲೆವೆಲ್-2 ಸರ್ಫೇಸ್ ರಿಫ್ಲೆಕ್ಟೆನ್ಸೇ ತಗೊಳ್ಳಿ, ಅದರ ಮೇಲೆ ಮತ್ತೆ ಇದನ್ನ ಮಾಡೋಕೆ ಹೋಗ್ಬೇಡಿ.