ಗೋಡೆಯ ಮೇಲೆ ಮಲ್ಲಿಗೆ ಲೆಕ್ಕ

ಉಡುಪಿಯ ಒಂದು ಎಂಬಿಎ ಕಾಲೇಜಿನಲ್ಲಿ ನಾನು ಕಾಸ್ಟ್ ಅಕೌಂಟಿಂಗ್ ಪಾಠ ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ನಮಗೆ ಹೊಸ ಲ್ಯಾಬ್ ಬಂತು. ಎಸಿ, ಪ್ರೊಜೆಕ್ಟರ್, ಸಾಲು ಸಾಲು ಕಂಪ್ಯೂಟರ್. ಎಲ್ಲರಿಗೂ ಖುಷಿಯೋ ಖುಷಿ. ಆದರೆ ಕೀ ಆಫೀಸಿನಲ್ಲಿ. ಕ್ಲಾಸಿನ ಹೊತ್ತಿಗೆ ತೆರೆಯುವುದು, ಬೆಲ್ ಆದ ಕೂಡಲೇ ಬೀಗ. ಮೇಜುಗಳನ್ನೆಲ್ಲ ನನ್ನ ಕಡೆ ತಿರುಗಿಸಿ ನೆಲಕ್ಕೆ ಬೋಲ್ಟ್ ಹಾಕಿದ್ದರು. ಆ ಸೆಮಿಸ್ಟರಿನ ಪೇಪರ್ ತಿದ್ದುವಾಗ ತುಂಬಾ ಬೇಜಾರಾಯಿತು. ಬ್ರೇಕ್ ಈವನ್ ಸೂತ್ರ, ಅಂದರೆ ಎಷ್ಟು ಮಾರಿದರೆ ಹಾಕಿದ ಖರ್ಚು ಸರಿಹೋಗುತ್ತದೆ ಅನ್ನುವ ಲೆಕ್ಕ, ಎಲ್ಲರಿಗೂ ಬಾಯಿಪಾಠ. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಅರ್ಧ ಕ್ಲಾಸು ಕಂಗಾಲು.

ಪ್ರಿನ್ಸಿಪಾಲರ ಹತ್ತಿರ ಹೋಗಿ ಮೂರು ವಿಷಯ ಕೇಳಿದೆ. ಬೋಲ್ಟ್ ತೆಗೆಸಿ, ಮೂರು ಗೋಡೆಗೂ ಉದ್ದಕ್ಕೆ ವೈಟ್‌ಬೋರ್ಡ್ ಹಾಕಿಸಿ, ರಾತ್ರಿ ಎಂಟರವರೆಗೆ ಕೀ ಮಕ್ಕಳ ಕೈಗೆ ಕೊಡಿ. ಮೂರನೆಯದಕ್ಕೆ ಒಪ್ಪಿಸಲು ಒಂದು ವರ್ಷ ಬೇಕಾಯಿತು. ಬೋರ್ಡ್ ಹಾಕಿಸುವವರಿಗೆ ಒಂದು ಮಾತು: ನಮ್ಮ ಕಡೆಯ ಮಳೆಗೆ ಪಡುವಣ ಗೋಡೆ ಜಿನುಗುತ್ತದೆ. ಮೊದಲ ಮಳೆಗಾಲದಲ್ಲೇ ಬೋರ್ಡಿನ ಹಿಂದೆಲ್ಲ ಬೂಷ್ಟು ಹಿಡಿಯಿತು. ಆಮೇಲೆ ಮರದ ರೀಪು ಕೊಟ್ಟು ಎರಡು ಇಂಚು ಮುಂದಕ್ಕೆ ಕೂರಿಸಿದೆವು.

ಇನ್ನು ಆ ಗೋಡೆ ಮೇಲೆ ಏನು ಬರೆಯುವುದು? ನಾಲ್ಕು ನಾಲ್ಕು ಮಕ್ಕಳ ತಂಡ ಮಾಡಿದೆ. ಪ್ರತಿ ತಂಡ ಊರಿನ ಒಂದು ವ್ಯಾಪಾರ ಹಿಡಿಯಬೇಕು, ಸೆಮಿಸ್ಟರ್ ಪೂರ್ತಿ ವಾರಕ್ಕೊಮ್ಮೆ ಅಲ್ಲಿಗೆ ಹೋಗಬೇಕು, ಸಿಕ್ಕಿದ ಲೆಕ್ಕವನ್ನು ಗೋಡೆಗೆ ಏರಿಸಬೇಕು. ಇಂಟರ್ನಲ್ ಮಾರ್ಕಿನಲ್ಲಿ ಅರ್ಧ ಇದಕ್ಕೇ. ಮಾರ್ಕ್ ಇಡದಿದ್ದರೆ ಎರಡನೇ ವಾರಕ್ಕೇ ನಿಂತುಹೋಗುತ್ತಿತ್ತು.

ಇನ್ನೊಂದು ನಿಯಮ ಮಾಡಿದೆ. ಗೋಡೆ ಮುಂದೆ ಚರ್ಚೆ ಮಾಡುವಾಗ ಕನ್ನಡ, ತುಳು, ಕೊಂಕಣಿ, ಬ್ಯಾರಿ ಯಾವುದಾದರೂ ಆಗಬಹುದು. ಶುಕ್ರವಾರ ಮಾತ್ರ ಅದನ್ನೇ ಒಂದು ಪುಟ ಇಂಗ್ಲಿಷಿನಲ್ಲಿ ಬರೆದು ಕೊಡಬೇಕು. ಇದಕ್ಕೆ ಸ್ಟಾಫ್ ರೂಮಿನಲ್ಲಿ ವಿರೋಧ ಬಂತು. ಇಂಟರ್‌ವ್ಯೂನಲ್ಲಿ ತುಳು ಕೇಳುತ್ತಾರಾ ಅಂದರು. ಅವರ ಕಾಳಜಿ ಸುಳ್ಳಲ್ಲ. ಆದರೆ ಕಾರ್ಕಳ, ಬೈಂದೂರು ಕಡೆಯ ಕನ್ನಡ ಮೀಡಿಯಂ ಮಕ್ಕಳು ನನ್ನ ಕ್ಲಾಸಿನಲ್ಲಿ ಎರಡು ಸೆಮಿಸ್ಟರ್ ಬಾಯಿ ಬಿಟ್ಟಿರಲಿಲ್ಲ. ಮಾತೇ ಆಡದವರ ತಲೆಯಲ್ಲಿ ಏನು ತಪ್ಪಿದೆ ಅಂತ ತಿದ್ದುವುದು ಹೇಗೆ?

ಅವರಲ್ಲಿ ಒಬ್ಬಳು ಶಂಕರಪುರದ ಹತ್ತಿರದವಳು. ಮನೆಯಲ್ಲಿ ಮಲ್ಲಿಗೆ ಗಿಡ ಇದೆ. ಅವಳ ತಂಡ ಅದನ್ನೇ ಹಿಡಿಯಿತು. ನಮ್ಮಲ್ಲಿ ಮಲ್ಲಿಗೆ ಮಾರುವುದು ಅಟ್ಟೆ ಲೆಕ್ಕದಲ್ಲಿ. ಸುಮಾರು 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ದಿನಾ ಬದಲಾಗುತ್ತದೆ, ಬೆಳೆದವರ ಕೈಯಲ್ಲಿಲ್ಲ. ತಂಡದವರು ಗೊಬ್ಬರ, ಮದ್ದು, ಬಾಳೆ ನಾರು, ಬಸ್ ಚಾರ್ಜ್ ಎಲ್ಲ ಬರೆದು ಒಳ್ಳೆ ಲಾಭ ತೋರಿಸಿದರು. ಕ್ಲಾಸು ಒಪ್ಪಿತು. ಆಗ ಹಿಂದೆ ನಿಂತಿದ್ದ ಈ ಹುಡುಗಿ ಮೆಲ್ಲ ಕೇಳಿದಳು, "ಮೇಡಂ, ಅಮ್ಮನ ಕೂಲಿ ಯಾರೂ ಹಾಕಲಿಲ್ಲ ಅಲ್ವಾ?"

ಮಾರ್ಕರ್ ಅವಳ ಕೈಗೆ ಕೊಟ್ಟೆ. ಮೊಗ್ಗು ಕೊಯ್ಯಲು ಎರಡು ಗಂಟೆ. ಒಂದು ಚೆಂಡು ಕಟ್ಟಲು ಒಂದು ಗಂಟೆ, ಅಟ್ಟೆಗೆ ನಾಲ್ಕು. ಒಟ್ಟು ಆರು. ಆಟಿಯಲ್ಲಿ, ಅಂದರೆ ತುಳುವರ ಮಳೆಗಾಲದ ತಿಂಗಳಲ್ಲಿ, ಮದುವೆ ಇಲ್ಲ, ಅವರಿಗೆ ಅಟ್ಟೆಗೆ 250 ರೂಪಾಯಿ ಸಿಕ್ಕಿದ ದಿನ ಇತ್ತು. ಖರ್ಚು ಕಳೆಯುವ ಮೊದಲೇ ಗಂಟೆಗೆ 42 ರೂಪಾಯಿ ದಾಟಲಿಲ್ಲ. ಮದುವೆ ಸೀಸನ್‌ನಲ್ಲಿ 1,200 ಸಿಕ್ಕಿದ ದಿನ ಗಂಟೆಗೆ 200. ಹಾಗಾದರೆ ಆಟಿಯಲ್ಲಿ ಕೊಯ್ಯದೆ ಬಿಡಬೇಕಾ? ಬಿಟ್ಟರೆ ಆ ಆರು ಗಂಟೆಯಲ್ಲಿ ಅಮ್ಮನಿಗೆ ಬೇರೆ ಯಾವ ಕೆಲಸ ಇದೆ? ಒಂದು ಗಂಟೆ ವಾದ ನಡೆಯಿತು, ಮುಕ್ಕಾಲು ಪಾಲು ತುಳುವಿನಲ್ಲಿ. ಆಪರ್ಚುನಿಟಿ ಕಾಸ್ಟ್ (ಒಂದನ್ನು ಆರಿಸಿದಾಗ ಕೈಬಿಟ್ಟ ಇನ್ನೊಂದರ ಬೆಲೆ) ಅನ್ನುವ ಪದವನ್ನು ನಾನು ಹೇಳಿದ್ದು ಕೊನೆಯ ಐದು ನಿಮಿಷದಲ್ಲಿ. ಅಷ್ಟರಲ್ಲಿ ಅವರಿಗೆ ವಿಷಯ ಗೊತ್ತಾಗಿತ್ತು, ಹೆಸರು ಮಾತ್ರ ಬೇಕಿತ್ತು.

ಬ್ಯಾಂಕಿಂಗ್ ಪಾಠವನ್ನೂ ಈಗ ಹೀಗೇ ಶುರು ಮಾಡುತ್ತೇವೆ. ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಇದೇ ಉಡುಪಿಯಲ್ಲಿ ಹುಟ್ಟಿದವು. 2020ರಲ್ಲಿ ಎರಡೂ ಬೇರೆ ಬ್ಯಾಂಕ್‌ಗಳ ಜೊತೆ ವಿಲೀನವಾದವು. ಕಾರ್ಪೊರೇಷನ್ ಬ್ಯಾಂಕ್ ಕಟ್ಟಿದ ಹಾಜಿ ಅಬ್ದುಲ್ಲಾ ಸಾಹೇಬರ ಮನೆ ಈಗ ಮ್ಯೂಸಿಯಂ, ಅಲ್ಲಿಗೆ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. ವಾಪಸ್ ಬಂದು ಸಿಂಡಿಕೇಟ್ ಬ್ಯಾಂಕಿನ 1928ರ ಪಿಗ್ಮಿ, ಅಂದರೆ ದಿನಾ ಚಿಲ್ಲರೆ ಉಳಿಸುವ ಠೇವಣಿಯ ಲೆಕ್ಕ ಹಾಕುತ್ತಾರೆ. ದಿನಕ್ಕೆ ಎರಡಾಣೆ ವಸೂಲಿಗೆ ಏಜೆಂಟ್ ಮನೆ ಮನೆಗೆ ನಡೆದರೆ ಬ್ಯಾಂಕಿಗೆ ಗಿಟ್ಟುವುದು ಎಷ್ಟು ಮನೆಯಿಂದ?

ಎಲ್ಲ ತಂಡವೂ ಗೆಲ್ಲಲಿಲ್ಲ. ಅಂಗಡಿಯವರು ನಿಜವಾದ ಲೆಕ್ಕ ಸುಲಭದಲ್ಲಿ ತೋರಿಸುವುದಿಲ್ಲ. ಎರಡು ತಂಡದವರು ಕೂತಲ್ಲೇ ಅಂಕಿ ಸೃಷ್ಟಿಸಿ ತಂದರು. ಈಗ ಮೊದಲ ತಿಂಗಳು ಲೆಕ್ಕ ಕೇಳಲೇಬಾರದು ಅಂತ ಹೇಳುತ್ತೇನೆ. ಸುಮ್ನೆ ಹೋಗಿ ಕೂತು, ಗಿರಾಕಿ ಎಣಿಸಿ, ಗೋಣಿ ಎತ್ತಲು ಕೈ ಕೊಡಿ. ವಿಶ್ವಾಸ ಬಂದ ಮೇಲೆ ಅವರೇ ಪುಸ್ತಕ ತೆಗೆಯುತ್ತಾರೆ.

ಮಲ್ಲಿಗೆ ಹುಡುಗಿ ಪಾಸಾಗಿ ಹೋದಳು. ಅವಳು ಬರೆದ ಪಟ್ಟಿಯನ್ನು ನಾವು ಅಳಿಸಿಲ್ಲ, ಪಡುವಣ ಗೋಡೆಯ ಮೂಲೆಯಲ್ಲಿದೆ. ಜುಲೈ 31ಕ್ಕೆ ಮೀನುಗಾರಿಕೆ ನಿಷೇಧ ಮುಗಿಯುತ್ತದೆ. ಈ ಸಲ ಒಂದು ತಂಡ ಮಲ್ಪೆ ಬೋಟಿನ ಡೀಸೆಲ್, ಐಸ್, ಕೆಲಸದವರ ಪಾಲಿನ ಲೆಕ್ಕ ಹಿಡಿದಿದೆ. ಮೀನಿನ ಏಲಂ (ಹರಾಜು) ನೋಡಲು ಬೆಳಿಗ್ಗೆ ಐದಕ್ಕೇ ಬಂದರಿನಲ್ಲಿರಬೇಕು. ನಾನೂ ಹೋಗುತ್ತೇನೆ.