ಒಂದು ಕುಂಡದಲ್ಲಿ ಎಷ್ಟು ಗಿಡ? ನಾನು ಲೆಕ್ಕ ಹಾಕುವ ರೀತಿ

ಒಂದು ಕುಂಡದಲ್ಲಿ ಎಷ್ಟು ಗಿಡ ನೆಡಬಹುದು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕುಂಡದ ಅಳತೆ ಕೇಳುವುದಿಲ್ಲ. ಎರಡು ಪ್ರಶ್ನೆ ಕೇಳುತ್ತೇನೆ. ಆ ಗಿಡದಿಂದ ನಿಮಗೆ ಬೇಕಾಗಿರುವುದು ಏನು: ಎಲೆಯಾ, ಕಾಯಿಯಾ, ಗಡ್ಡೆಯಾ, ಹೂವಾ? ಬಿಸಿಲು ಜೋರಾಗಿರುವಾಗ ದಿನಕ್ಕೆ ಎಷ್ಟು ಸಲ ನೀರು ಹಾಕಲು ನಿಮ್ಮಿಂದ ಆಗುತ್ತದೆ? ಇವೆರಡಕ್ಕೆ ಉತ್ತರ ಸಿಕ್ಕಿದರೆ ಅರ್ಧ ಲೆಕ್ಕ ಮುಗಿದ ಹಾಗೆ. ಅಳತೆ ಆಮೇಲೆ ಬರುತ್ತದೆ.

ಯಾಕೆ ಅಂದರೆ, ಒಂದು ಕುಂಡಕ್ಕೆ ಬೀಳುವ ಬಿಸಿಲು, ಅದರಲ್ಲಿರುವ ಮಣ್ಣು, ಅದು ಹಿಡಿದಿಡುವ ನೀರು ಇವೆಲ್ಲ ಸೇರಿ ಇಷ್ಟೇ ಹಸಿರು ಬೆಳೆಸಬಲ್ಲವು ಅಂತ ಒಂದು ಮಿತಿ ಇದೆ. ಸಸಿಗಳು ಚಿಕ್ಕವಿದ್ದಾಗ ಗಿಡ ಜಾಸ್ತಿ ಇದ್ದಷ್ಟೂ ಹಸಿರು ಜಾಸ್ತಿ. ಎಲೆಗೆ ಎಲೆ, ಬೇರಿಗೆ ಬೇರು ತಾಗಲು ಶುರುವಾದ ಮೇಲೆ ಈ ಲೆಕ್ಕ ನಿಂತುಹೋಗುತ್ತದೆ. ಆಮೇಲೆ ಕುಂಡದಲ್ಲಿ 10 ಗಿಡ ಇರಲಿ, 20 ಇರಲಿ, ಒಟ್ಟು ತೂಕ ಹೆಚ್ಚುಕಮ್ಮಿ ಒಂದೇ. ಗಿಡಗಳು ಮಾತ್ರ ಒಂದೊಂದೂ ಸಣ್ಣದಾಗುತ್ತವೆ. ಸಸ್ಯ ವಿಜ್ಞಾನಿಗಳು ಇದನ್ನು ಹಲವು ಬೆಳೆಗಳಲ್ಲಿ ಅಳೆದು ನೋಡಿದ್ದಾರೆ. ಕುಂಡದಲ್ಲಿ ಬೆಳೆಯುವ ನಮಗೆ ಇದಕ್ಕಿಂತ ಉಪಯೋಗಕ್ಕೆ ಬರುವ ವಿಷಯ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ಸೊಪ್ಪಿಗೆ ಇದರಿಂದ ನಷ್ಟವೇನಿಲ್ಲ. ಸಣ್ಣ ಗಿಡದ ಎಲೆಯೂ ಎಲೆಯೇ ಅಲ್ವಾ? ಹಾಗಾಗಿ ಕೊತ್ತಂಬರಿ, ಮೆಂತ್ಯ, ಎಳೆಯದರಲ್ಲೇ ಕೀಳುವ ಪಾಲಕ್ ಇವನ್ನೆಲ್ಲ ನಾನು ಧಾರಾಳವಾಗಿ ಒತ್ತೊತ್ತಾಗಿ ಹಾಕುತ್ತೇನೆ. ಕಾಯಿ ಬಿಡುವ ಗಿಡದ ಕತೆ ಬೇರೆ. ಅದು ಮೊದಲು ಒಂದು ಮಟ್ಟಕ್ಕೆ ಬೆಳೆದು, ಕವಲೊಡೆದು, ಮೈ ಗಟ್ಟಿ ಮಾಡಿಕೊಂಡ ಮೇಲೆ ತಾನೇ ಕಾಯಿಗೆ ಶಕ್ತಿ ಕೊಡುವುದು? ಒತ್ತಾಗಿ ನೆಟ್ಟರೆ ಆ ಮಟ್ಟ ಮುಟ್ಟುವುದೇ ಇಲ್ಲ. ಗಡ್ಡೆಯದು ಇನ್ನೂ ಕಟ್ಟುನಿಟ್ಟು. ಮೂಲಂಗಿಯನ್ನು ದಟ್ಟವಾಗಿ ಬಿಟ್ಟರೆ ಮೇಲೆ ಸೊಪ್ಪು ಚೆನ್ನಾಗೇ ಕಾಣುತ್ತದೆ, ಕಿತ್ತು ನೋಡಿದರೆ ಕೆಳಗೆ ಬರೀ ದಾರದಂಥ ಬೇರು.

ಗಿಡಕ್ಕೆ ಪಕ್ಕದಲ್ಲಿ ಇನ್ನೊಂದು ಗಿಡ ಇದೆ ಅಂತ ಗೊತ್ತಾಗುತ್ತದೆ. ಎಲೆಗಳು ಕೆಂಪು ಬೆಳಕನ್ನು ಹೀರಿಕೊಳ್ಳುತ್ತವೆ, ಅದರ ಪಕ್ಕದ, ನಮ್ಮ ಕಣ್ಣಿಗೆ ಅಷ್ಟಾಗಿ ಕಾಣದ ಕಡುಗೆಂಪು ಬೆಳಕನ್ನು ವಾಪಸ್ ಕಳಿಸುತ್ತವೆ. ಪಕ್ಕದಿಂದ ಆ ಬೆಳಕು ಜಾಸ್ತಿ ಬಂದರೆ ಗಿಡ ನೆರಳು ಬೀಳುವ ಮೊದಲೇ ಹುಷಾರಾಗಿ ಎತ್ತರಕ್ಕೆ ಏಳಲು ಶುರು ಮಾಡುತ್ತದೆ. ಕಾಂಡ ಉದ್ದವಾಗುತ್ತದೆ, ತೆಳ್ಳಗಾಗುತ್ತದೆ, ಕವಲು ಕಮ್ಮಿಯಾಗುತ್ತದೆ. ಸಸಿಗಳು ಸಣಕಲಾಗಿ ಎದ್ದು ನಿಂತಿರುವುದನ್ನು ಕಂಡ ತಕ್ಷಣ ಗೊಬ್ಬರ ಸಾಲದು ಅಂದುಕೊಳ್ಳುವವರು ತುಂಬ ಜನ. ಬಿಸಿಲು ಸಾಕಷ್ಟಿದ್ದೂ ಹಾಗಾಗಿದ್ದರೆ ನಾನು ಮೊದಲು ಸಸಿಗಳ ನಡುವಿನ ಅಂತರ ನೋಡುತ್ತೇನೆ.

ಇದನ್ನು ಕಣ್ಣಾರೆ ನೋಡಬೇಕು ಅಂತಲೇ ಒಂದೇ ಅಳತೆಯ ಎರಡು ಕುಂಡಗಳಲ್ಲಿ ಮೆಣಸಿನ ಸಸಿ ನೆಟ್ಟೆ. ಒಂದರಲ್ಲಿ ಒಂದು, ಇನ್ನೊಂದರಲ್ಲಿ ಮೂರು. ಮಣ್ಣು, ಗೊಬ್ಬರ, ಜಾಗ ಎಲ್ಲ ಒಂದೇ. ಮೊದಮೊದಲು ಮೂರು ಸಸಿಯ ಕುಂಡವೇ ಚೆಂದ, ತುಂಬಿಕೊಂಡಿತ್ತು. ಒಂಟಿ ಸಸಿಯ ಕುಂಡ ಬೋಳು ಬೋಳಾಗಿ ಕಾಣುತ್ತಿತ್ತು. ವ್ಯತ್ಯಾಸ ಶುರುವಾದದ್ದು ಮೊದಲ ಮೊಗ್ಗಿನ ಹೊತ್ತಿಗೆ. ಮೆಣಸಿನ ಗಿಡ ಮೊದಲ ಹೂವು ಬಿಡುವ ಗಂಟಿನಲ್ಲಿ ಎರಡಾಗಿ ಕವಲೊಡೆಯುತ್ತದೆ. ಆ ಒಂದೊಂದು ಕವಲೂ ಮತ್ತೆ ಎರಡಾಗುತ್ತದೆ, ಪ್ರತಿ ಕವಲಿನ ಬುಡದಲ್ಲಿ ಹೂವು. ಒಂಟಿ ಗಿಡ ಗಿಡ್ಡವಾಗಿದ್ದಾಗಲೇ ಕವಲೊಡೆದು ಛತ್ರಿಯ ಹಾಗೆ ಹರಡಿಕೊಂಡಿತು. ಮೂರಿದ್ದಲ್ಲಿ ಒಂದೊಂದೂ ನೆಟ್ಟಗೆ ಮೇಲೆದ್ದು, ತುದಿಯಲ್ಲಿ ಮಾತ್ರ ಒಂದೆರಡು ಕವಲು ಒಡೆದವು. ಒಳಗಡೆ ಮುಖ ಮಾಡಿದ ಎಲೆಗಳು ಹಳದಿಯಾಗಿ ಉದುರಿದವು. ಹೂವು ಅಲ್ಲೂ ಬಂತು, ಆದರೆ ಮಧ್ಯಾಹ್ನ ಬಾಡಿದ ದಿನಗಳಲ್ಲಿ ಹೂವೂ ಮೊಗ್ಗೂ ಉದುರಿದವು. ಕೊನೆಗೆ ಮೂರು ಗಿಡದ ಕುಂಡ ಒಂದು ಗಿಡದ ಕುಂಡಕ್ಕಿಂತ ಹೆಚ್ಚು ಕಾಯಿಯನ್ನೇನೂ ಕೊಡಲಿಲ್ಲ. ಕೆಲಸ ಮಾತ್ರ ಹೆಚ್ಚಾಯಿತು: ಆಸರೆಗೆ ಕೋಲು, ಎರಡು ಹೊತ್ತು ನೀರು, ಎಲೆಯಡಿ ಸೇರುವ ಹೇನಿನ ಕಾಟ. ಅಲ್ಲಿಂದ ನಾನು ಮೆಣಸಿನ ಗಿಡವನ್ನು 10 ಲೀಟರಿನ ಕುಂಡಕ್ಕೆ ಒಂದೇ ಅಂತ ಇಟ್ಟುಕೊಂಡಿದ್ದೇನೆ.

ಈಗ ನೀರಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕುಂಡದಲ್ಲಿ ಗಿಡದ ಸಂಖ್ಯೆಗೆ ಕಡಿವಾಣ ಹಾಕುವುದು ಹೆಚ್ಚಾಗಿ ಇದೇ. ಗೊಬ್ಬರ ಕಮ್ಮಿಯಾದರೆ ಮೇಲಿಂದ ಕೊಡಬಹುದು. ನೀರು ಮಾತ್ರ ಕುಂಡ ಎಷ್ಟು ಹಿಡಿಯುತ್ತದೋ ಅಷ್ಟೇ, ಮಿಕ್ಕಿದ್ದು ಕೆಳಗಿನ ತೂತಿನಿಂದ ಹೊರಗೆ. ತೆಂಗಿನ ನಾರಿನ ಪುಡಿ, ಕಾಂಪೋಸ್ಟ್ ಸೇರಿಸಿದ 15 ಲೀಟರ್ ಮಿಶ್ರಣದಲ್ಲಿ ಬೇರು ಸುಲಭವಾಗಿ ಹೀರಿಕೊಳ್ಳಬಲ್ಲ ನೀರು ಸುಮಾರು 3ರಿಂದ 4 ಲೀಟರ್ ಅಂತ ಇಟ್ಟುಕೊಳ್ಳಿ. ಚೆನ್ನಾಗಿ ಬೆಳೆದು ಕಾಯಿ ಹಿಡಿದ ಒಂದು ಟೊಮ್ಯಾಟೊ ಗಿಡ ಸುಡುಬಿಸಿಲಿನ ದಿನ 2 ಲೀಟರಿಗೂ ಹೆಚ್ಚು ನೀರು ಕುಡಿಯುತ್ತದೆ. ಒಂದೇ ಗಿಡ ಇದ್ದರೆ ಬೆಳಗ್ಗೆ ಹಾಕಿದ ನೀರು ಸಂಜೆವರೆಗೆ ಬರುತ್ತದೆ. ಎರಡು ನೆಟ್ಟರೆ ಮಧ್ಯಾಹ್ನ ದಾಟಿದ ಸ್ವಲ್ಪ ಹೊತ್ತಿಗೇ ಕುಂಡ ಒಣಗುತ್ತದೆ.

ಹೀಗೆ ದಿನಾ ಒಣಗಿ, ದಿನಾ ನೆನೆದು ಆಗುತ್ತಿದ್ದರೆ ಟೊಮ್ಯಾಟೊದಲ್ಲಿ ಕಾಯಿಯ ತಳ ಕಪ್ಪಾಗುತ್ತದೆ. ಮೊದಲು ಕಾಯಿಯ ಕೆಳತುದಿಯಲ್ಲಿ ನೀರು ಹಿಡಿದಂಥ ಕಲೆ, ಆಮೇಲೆ ಅದು ಒಳಗೆ ಕುಸಿದು ಚರ್ಮದ ಹಾಗೆ ಕಂದು-ಕಪ್ಪು. ನೋಡಿದವರು ರೋಗ ಅಂತ ಔಷಧಿ ಹೊಡೆಯುತ್ತಾರೆ. ಅದು ರೋಗ ಅಲ್ಲ, ಕಾಯಿಗೆ ಸುಣ್ಣದ ಅಂಶ ತಲುಪದೆ ಆಗುವ ತೊಂದರೆ. ಸುಣ್ಣದ ಅಂಶ ನೀರಿನ ಜೊತೆಗೇ ಹರಿಯಬೇಕು. ನೀರಿನ ಹರಿವು ತುಂಡಾದರೆ, ಮಣ್ಣಲ್ಲಿ ಎಷ್ಟೇ ಇದ್ದರೂ ಕಾಯಿಯ ತುದಿಗೆ ಸಿಗುವುದಿಲ್ಲ. ಹಾಗಾಗಿ ತಳ ಕಪ್ಪಾಗುವುದು ಕಂಡರೆ ಏನಾದರೂ ಹಾಕುವ ಮೊದಲು, ಇಲ್ಲಿ ಗಿಡ ಜಾಸ್ತಿ ಆಯಿತಾ ಅಂತ ಒಮ್ಮೆ ನೋಡಿ.

ದಿನಕ್ಕೆ ಎರಡು ಹೊತ್ತು ನೀರು ಹಾಕಲು ಆಗುವವರು, ಇಲ್ಲವೇ ಹನಿ ನೀರಾವರಿ ಪೈಪು ಎಳೆದಿರುವವರು, ಒಂದೆರಡು ಗಿಡ ಹೆಚ್ಚು ನೆಡಬಹುದು. ಬೆಳಗ್ಗೆ ಹೋದರೆ ರಾತ್ರಿ ಬರುವವರು ಕಮ್ಮಿ ನೆಡುವುದೇ ಒಳ್ಳೆಯದು. ಒಂದೇ ಕುಂಡ, ಒಂದೇ ಗಿಡ ಆದರೂ ಇಬ್ಬರ ಸಂಖ್ಯೆ ಬೇರೆ ಬೇರೆ.

ಅಳತೆಗೆ ಬರೋಣ. ಕುಂಡವನ್ನು ಬಾಯಿಯ ಅಗಲದಿಂದ ಮಾತ್ರ ಲೆಕ್ಕ ಹಿಡಿದರೆ ಮೋಸ ಹೋಗುತ್ತೇವೆ. ಬಾಯಿ 30 ಸೆಂ.ಮೀ., ಆಳ 30 ಸೆಂ.ಮೀ. ಇರುವ ನೇರ ಗೋಡೆಯ ಗ್ರೋ ಬ್ಯಾಗ್ (ಗಿಡ ಬೆಳೆಸುವ ಚೀಲ) ಸುಮಾರು 21 ಲೀಟರ್ ಹಿಡಿಯುತ್ತದೆ. ಅದೇ ಬಾಯಿಯ, ಕೆಳಗೆ 22 ಸೆಂ.ಮೀ.ಗೆ ಕಿರಿದಾಗುವ, 28 ಸೆಂ.ಮೀ. ಎತ್ತರದ ಕುಂಡ 15 ಲೀಟರ್ ಅಷ್ಟೇ. ಮೇಲೆ ನೀರು ನಿಲ್ಲಲು ಬಿಡುವ ಒಂದೆರಡು ಇಂಚು ಕಳೆದರೆ ಇನ್ನೂ ಕಮ್ಮಿ. ಕಾಯಿ ಗಿಡಕ್ಕೆ ನಾನು ಲೀಟರ್ ನೋಡುತ್ತೇನೆ. ಟೊಮ್ಯಾಟೊ, ಬದನೆ ಇವಕ್ಕೆ ಗಿಡಕ್ಕೆ 20 ಲೀಟರ್ ಹತ್ತಿರ ಇದ್ದರೆ ನಿಶ್ಚಿಂತೆ. ಬಳ್ಳಿಯಂತೆ ಬೆಳೆಯುತ್ತಲೇ ಹೋಗುವ ಟೊಮ್ಯಾಟೊ ಜಾತಿಗೆ ಅದಕ್ಕಿಂತ ಜಾಸ್ತಿ ಇದ್ದಷ್ಟೂ ಒಳ್ಳೆಯದು.

ಸೊಪ್ಪು, ಗಡ್ಡೆಗೆ ಮೇಲ್ಮೈ ಮುಖ್ಯ. ಅಲ್ಲಿ ಚದರ ಅಡಿ ಲೆಕ್ಕ ಸುಲಭ: ಒಂದು ಚದರ ಅಡಿಗೆ ದೊಡ್ಡ ಗಿಡ 1, ಲೆಟ್ಯೂಸ್ ಥರದ್ದು 4, ಪಾಲಕ್ ಅಥವಾ ಗಿಡ್ಡ ಬೀನ್ಸ್ 9, ಮೂಲಂಗಿ ಕ್ಯಾರೆಟ್ 16. ಇದು ಚೌಕದ ಪಾತಿಗೆ ಮಾಡಿದ ಲೆಕ್ಕ. 30 ಸೆಂ.ಮೀ. ಬಾಯಿಯ ದುಂಡು ಕುಂಡ ಒಂದು ಚದರ ಅಡಿಯ ಮುಕ್ಕಾಲು ಭಾಗ ಅಷ್ಟೇ. ಹಾಗಾಗಿ 16 ಮೂಲಂಗಿ ಅಂದರೆ ಅಲ್ಲಿ 12, ಲೆಟ್ಯೂಸ್ ಆದರೆ 3. ಕುಂಡ ಸ್ವಲ್ಪ ಚಿಕ್ಕದಾದರೂ ಸಂಖ್ಯೆ ತುಂಬ ಇಳಿಯುತ್ತದೆ. 20 ಸೆಂ.ಮೀ. ಬಾಯಿಯ ಕುಂಡದ ಮೇಲ್ಮೈ 30 ಸೆಂ.ಮೀ.ಯದರ ಅರ್ಧಕ್ಕೂ ಕಮ್ಮಿ. ನೋಡಿದರೆ ಹಾಗೆ ಅನ್ನಿಸುವುದೇ ಇಲ್ಲ. ಕ್ಯಾರೆಟ್ ಹಾಕುವವರು ಆಳವನ್ನೂ ನೋಡಬೇಕು. ಉದ್ದ ಜಾತಿಗೆ ಒಂದಡಿ ಬೇಕೇ ಬೇಕು.

ಹಾಗಂತ ಕಮ್ಮಿ ನೆಟ್ಟಷ್ಟೂ ಒಳ್ಳೆಯದು ಅಂತಲೂ ಅಲ್ಲ. ದೊಡ್ಡ ಕುಂಡದ ನಡುವೆ ಒಂದು ಪುಟ್ಟ ಸಸಿ ನೆಟ್ಟು ಹೊಟ್ಟೆ ತುಂಬ ನೀರು ಹಾಕಿದರೆ, ಆ ನೀರನ್ನು ಹೀರಲು ಅಲ್ಲಿ ಬೇರೇ ಇರುವುದಿಲ್ಲ. ಮಣ್ಣು ದಿನಗಟ್ಟಲೆ ಹಸಿಯಾಗೇ ಇದ್ದು, ಗಾಳಿಯಾಡದೆ ಬೇರು ಕೊಳೆಯುತ್ತದೆ. ಇಂಥ ಕುಂಡದಲ್ಲಿ ನಾನು ಅಂಚಿನ ಸುತ್ತ ಬೇಗ ಕೀಳುವ ಸೊಪ್ಪು ಚೆಲ್ಲುತ್ತೇನೆ. ಟೊಮ್ಯಾಟೊ ಸಸಿ ಮೈ ತುಂಬಿಕೊಳ್ಳುವಷ್ಟರಲ್ಲಿ ಸೊಪ್ಪು ಕಿತ್ತು ಮುಗಿದಿರುತ್ತದೆ. ಜಾಗವೂ ಹಾಳಾಗುವುದಿಲ್ಲ, ಮಣ್ಣೂ ಹದವಾಗಿ ಒಣಗುತ್ತದೆ.

ಜೋಳದ ಲೆಕ್ಕ ಉಲ್ಟಾ. ಮೆಕ್ಕೆಜೋಳದ ಪರಾಗ ಗಾಳಿಯಲ್ಲಿ ಹಾರಿ ಬಂದು ತೆನೆಯ ಕೂದಲಿಗೆ ಬೀಳಬೇಕು. ಒಂದು ಕೂದಲಿಗೆ ಒಂದು ಕಾಳು. ಕುಂಡದಲ್ಲಿ ಒಂದೇ ಗಿಡ ಇದ್ದರೆ ಪರಾಗ ಸಾಲದೆ ಅಲ್ಲೊಂದು ಇಲ್ಲೊಂದು ಕಾಳಿನ ಬೊಕ್ಕು ತೆನೆ ಬರುತ್ತದೆ. ಅದನ್ನು ಬೆಳೆಯುವ ಆಸೆ ಇದ್ದರೆ ದೊಡ್ಡ ತೊಟ್ಟಿಯಲ್ಲಿ ಗುಂಪಾಗಿ ಬೆಳೆಯಬೇಕು, ಇಲ್ಲವೇ ಹಲವು ಕುಂಡಗಳನ್ನು ಒಂದೇ ಕಡೆ ಒಟ್ಟಿಗೆ ಇಡಬೇಕು. ಸೌತೆ, ಹೀರೆ, ಹಾಗಲದಲ್ಲಿ ಗಂಡು ಹೂವು ಹೆಣ್ಣು ಹೂವು ಒಂದೇ ಬಳ್ಳಿಯಲ್ಲಿ ಬಂದರೂ ಒಂದೇ ದಿನ ಅರಳಬೇಕು ಅಂತೇನಿಲ್ಲ. ಅದಕ್ಕೇ ನಾನು ಪಕ್ಕಪಕ್ಕದ ಎರಡು ಕುಂಡಗಳಲ್ಲಿ ಒಂದೊಂದು ಬಳ್ಳಿ ಹಬ್ಬಿಸುತ್ತೇನೆ.

ಬೇರೆ ಬೇರೆ ಗಿಡ ಒಟ್ಟಿಗೆ ಹಾಕುವಾಗ ನಾನು ನೋಡುವುದು ಒಂದೇ: ಇಬ್ಬರಿಗೂ ಒಂದೇ ಥರದ ನೀರು ಬೇಕಾ? ರೋಸ್‌ಮೇರಿಗೆ ಮಣ್ಣು ಒಣಗಬೇಕು, ಪುದೀನಕ್ಕೆ ಹಸಿ ಇರಬೇಕು. ಇವೆರಡನ್ನು ಒಂದು ಕುಂಡದಲ್ಲಿಟ್ಟರೆ ಒಂದು ಸಾಯುವುದು ಖಂಡಿತ. ಪುದೀನವನ್ನಂತೂ ಯಾರ ಜೊತೆಗೂ ಹಾಕಬೇಡಿ. ಅದರ ಬಳ್ಳಿಬೇರು ಮಣ್ಣಿನಡಿ ಓಡಿ ಎಲ್ಲರ ಜಾಗ ತಿನ್ನುತ್ತದೆ. ಬೀನ್ಸ್ ನೆಟ್ಟರೆ ಪಕ್ಕದ ಗಿಡಕ್ಕೆ ಸಾರಜನಕ ಸಿಗುತ್ತದೆ ಅಂತ ನಂಬಿ ಒತ್ತಾಗಿ ನೆಡುವುದೂ ಸರಿಯಲ್ಲ. ಬೀನ್ಸ್ ಬೇರಿನ ಗಂಟುಗಳಲ್ಲಿ ಕೂಡಿಟ್ಟದ್ದು ಹೆಚ್ಚಾಗಿ ಅದರದೇ ಬಳಕೆಗೆ ಹೋಗುತ್ತದೆ. ಬೇರು, ಎಲೆ ಕೊಳೆತ ಮೇಲೆ ಮಾತ್ರ ಮಿಕ್ಕವರಿಗೆ. ಸೊಪ್ಪಿನ ಹಾಗೆ ಹೂವಿನ ಕುಂಡದಲ್ಲೂ ನಾನು ಒತ್ತಾಗಿ ನೆಡುತ್ತೇನೆ. ಒಂದು ಋತು ತುಂಬಿ ನಿಂತರೆ ಸಾಕು, ನೀರಿನ ಜೊತೆ ಆಗಾಗ ಗೊಬ್ಬರ ಕೊಟ್ಟರೆ ನಡೆಯುತ್ತದೆ.

ಇಷ್ಟೆಲ್ಲ ಲೆಕ್ಕ ಹಾಕಿಯೂ ಬೀಜ ಹಾಕುವಾಗ ನಾನು ಲೆಕ್ಕಕ್ಕಿಂತ ಜಾಸ್ತಿಯೇ ಹಾಕುತ್ತೇನೆ. ಎಲ್ಲ ಬೀಜ ಮೊಳೆಯುವುದಿಲ್ಲವಲ್ಲ. ಕೆಲವು ಬೀಜ ನಾವಂದುಕೊಂಡದ್ದಕ್ಕಿಂತ ಹೆಚ್ಚು ಸಸಿ ಕೊಡುತ್ತವೆ ಅನ್ನುವುದೂ ನೆನಪಿರಲಿ. ಕೊತ್ತಂಬರಿಯ ಒಂದು ದುಂಡು ಕಾಳಿನಲ್ಲಿ ಎರಡು ಬೀಜ ಇರುತ್ತವೆ. ಬೀಟ್‌ರೂಟ್‌ನ ಒರಟು ಬೀಜ ಹಲವು ಬೀಜ ಅಂಟಿಕೊಂಡ ಗೊಂಚಲು, ಒಂದು ನೆಟ್ಟ ಜಾಗದಲ್ಲಿ ಎರಡು ಮೂರು ಮೊಳಕೆ ಏಳುತ್ತವೆ.

ಸಂಖ್ಯೆಯನ್ನು ನಾನು ನಿಜವಾಗಿ ತೀರ್ಮಾನ ಮಾಡುವುದು ಆಮೇಲೆ, ಕತ್ತರಿ ಹಿಡಿದು. ಸಸಿಗೆ ಎರಡು ಜೊತೆ ನಿಜ ಎಲೆ (ಮೊಳೆತಾಗ ಬರುವ ಬೀಜದೆಲೆಯ ನಂತರದ ಎಲೆ) ಬಂದ ಮೇಲೆ ಪಕ್ಕದ್ದರ ಎಲೆ ತಾಗುತ್ತಿದೆಯಾ ನೋಡುತ್ತೇನೆ. ತಾಗುತ್ತಿದ್ದರೆ ಬಡವಾದದ್ದನ್ನು ಮಣ್ಣಿನ ಮಟ್ಟಕ್ಕೆ ಕತ್ತರಿಸುತ್ತೇನೆ. ಕೀಳುವುದಿಲ್ಲ; ಕಿತ್ತರೆ ಉಳಿಯಬೇಕಾದ ಸಸಿಯ ಬೇರೂ ಅಲುಗಾಡುತ್ತದೆ. ಇದನ್ನು ತಡ ಮಾಡಬಾರದು. ದಟ್ಟವಾಗಿ ಎದ್ದ ಸಸಿಗಳ ಬುಡದಲ್ಲಿ ತೇವ ಆರುವುದಿಲ್ಲ, ಬುಡ ಕೊಳೆಯುವ ಶಿಲೀಂಧ್ರ ಬಂದರೆ ರಾತ್ರಿ ಕಳೆಯುವಷ್ಟರಲ್ಲಿ ಒಂದು ಮೂಲೆಯ ಸಸಿಗಳೆಲ್ಲ ಮಲಗಿಬಿಡುತ್ತವೆ. ಜೀವಂತ ಸಸಿ ಕತ್ತರಿಸಲು ಮನಸ್ಸು ಬರುವುದಿಲ್ಲ, ನನಗೂ ಅಷ್ಟೇ. ಹಾಗಾಗಿ ಮೂಲಂಗಿ, ಬೀಟ್‌ರೂಟ್, ಪಾಲಕ್ ಇವುಗಳಲ್ಲಿ ಒಂದೇ ಸಲ ಮುಗಿಸದೆ ಎರಡು ಸಲಕ್ಕೆ ತೆಗೆಯುತ್ತೇನೆ. ಎರಡನೇ ಸಲದ ಹೊತ್ತಿಗೆ ಎಲೆ ತಿನ್ನುವಷ್ಟು ದೊಡ್ಡದಾಗಿರುತ್ತದೆ, ವ್ಯರ್ಥವಾಗುವುದಿಲ್ಲ. ಮೆಣಸು, ಟೊಮ್ಯಾಟೊ ಆದರೆ ಸಸಿ ಚಿಕ್ಕದಿರುವಾಗಲೇ ಬೇರೆ ಕುಂಡಕ್ಕೆ ಎತ್ತಿಡುತ್ತೇನೆ.

ಈಗಾಗಲೇ ಒತ್ತೊತ್ತಾಗಿ ಬೆಳೆದುಬಿಟ್ಟ ಕುಂಡ ನಿಮ್ಮಲ್ಲಿದ್ದರೆ, ಬೇರುಗಳು ಹೆಣೆದುಕೊಂಡಿರುವಾಗ ಬಿಡಿಸಲು ಹೋಗಬೇಡಿ. ಗಟ್ಟಿಮುಟ್ಟಾದ ಒಂದನ್ನು ಆರಿಸಿ, ಮಿಕ್ಕದ್ದನ್ನು ಬುಡಕ್ಕೆ ಕತ್ತರಿಸಿ, ಬೇರನ್ನು ಮಣ್ಣಲ್ಲೇ ಕೊಳೆಯಲು ಬಿಡಿ. ಮೇಲೆ ಒಂದು ಹಿಡಿ ಎರೆಗೊಬ್ಬರ ಹರಡಿ, ತೂತಿನಿಂದ ಇಳಿಯುವವರೆಗೆ ನೀರು ಕೊಡಿ. ಕುಂಡ ಮೊದಲಿಗಿಂತ ನಿಧಾನವಾಗಿ ಒಣಗುತ್ತದೆ, ಹಾಗಾಗಿ ಮುಂದಿನ ಕೆಲವು ದಿನ ಬೆರಳು ಮಣ್ಣಿಗೆ ಇಳಿಸಿ ನೋಡಿಯೇ ನೀರು ಹಾಕಿ.