ಬ್ರದರನ್ ಸಭೆಗೆ ಮೊದಲ ಸಲ ಹೋಗುತ್ತಿದ್ದೀರಾ?

ಬ್ರದರನ್ ಅನ್ನುವ ಕ್ರೈಸ್ತ ಪಂಥಕ್ಕೆ ಸೇರಿದ ಆಫೀಸಿನ ಗೆಳೆಯರೊಬ್ಬರು "ಭಾನುವಾರ ನಮ್ಮ ಸಭೆಗೆ ಬನ್ನಿ" ಅಂತ ಕರೆದಿದ್ದಾರೆ ಅಂದುಕೊಳ್ಳಿ. ಚರ್ಚ್ ಅಂದರೆ ಗೋಪುರ, ಗಂಟೆ, ನಿಲುವಂಗಿ ತೊಟ್ಟ ಪಾದ್ರಿ ಅಂತ ಅಂದುಕೊಂಡು ಹೋದರೆ ಸಿಗುವುದು ಒಂದು ಸಾದಾ ಹಾಲ್, ಗೋಡೆಯ ಮೇಲೊಂದು ಸತ್ಯವೇದದ (ಅಂದರೆ ಬೈಬಲಿನ) ವಾಕ್ಯ, ಬಿಳಿ ಬಟ್ಟೆ ಹಾಸಿದ ಚಿಕ್ಕ ಮೇಜು. ಶಿಲುಬೆ ಕೂಡ ಕಾಣದೇ ಇರಬಹುದು. ವಿಳಾಸ ತಪ್ಪಿಲ್ಲ, ಒಳಗೆ ಹೋಗಿ. ನಾನು ಇಂಥದ್ದೇ ಸಭೆಯಲ್ಲಿ ಬೆಳೆದವನು, ಹೊಸಬರು ಎಲ್ಲಿ ತಬ್ಬಿಬ್ಬಾಗುತ್ತಾರೆ ಅಂತ ಚೆನ್ನಾಗಿ ಗೊತ್ತು.

ಹತ್ತು ನಿಮಿಷ ಮುಂಚೆ ಹೋಗಿ. ಸಾದಾ ಬಟ್ಟೆ ಸಾಕು. ಹೆಂಗಸರು ಒಂದು ದುಪಟ್ಟಾ ಇಟ್ಟುಕೊಂಡಿರಿ, ಇಲ್ಲವೇ ಸೆರಗು ಹೊದ್ದುಕೊಳ್ಳಿ, ಯಾಕಂದರೆ ಪ್ರಾರ್ಥನೆಯ ಹೊತ್ತಿಗೆ ಅಲ್ಲಿನ ಸಹೋದರಿಯರೆಲ್ಲ ತಲೆ ಮುಚ್ಚಿಕೊಳ್ಳುತ್ತಾರೆ (ಸತ್ಯವೇದದಲ್ಲಿ 1 ಕೊರಿಂಥ ಅನ್ನುವ ಪುಸ್ತಕದ 11ನೇ ಅಧ್ಯಾಯ ಓದಿದರೆ ಕಾರಣ ಸಿಗುತ್ತದೆ). ಎಷ್ಟೋ ಕಡೆ ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ. ಮನೆಯವರ ಜೊತೆ ಹೋದರೆ ಬಾಗಿಲಲ್ಲೇ ಬೇರೆಯಾಗಬೇಕಾದೀತು.

ಈಗ ಮುಖ್ಯ ವಿಷಯ. ಇಲ್ಲಿ ಪಾಸ್ಟರ್ ಇಲ್ಲ. ಆರಾಧನೆಯನ್ನು ನಡೆಸುವವರು ಅಂತ ಒಬ್ಬರಿಲ್ಲ, ಮುಂದೇನು ಅಂತ ತಿಳಿಸುವ ಹಾಳೆಯೂ ಇಲ್ಲ. ಒಂದು ಹಾಡು ಮುಗಿಯುತ್ತದೆ, ಆಮೇಲೆ ಎರಡು ನಿಮಿಷ, ಕೆಲವೊಮ್ಮೆ ಇನ್ನೂ ಜಾಸ್ತಿ, ಯಾರೂ ಮಾತೇ ಆಡುವುದಿಲ್ಲ. ಏನೋ ಎಡವಟ್ಟಾಗಿದೆ ಅಂತ ಅತ್ತಿತ್ತ ನೋಡಬೇಡಿ, ಸುಮ್ನೆ ಕೂತಿರಿ. ಹಿಂದಿನ ಸಾಲಿನಿಂದ ಯಾರೋ ಒಬ್ಬರು ಎದ್ದು ಕೀರ್ತನೆಯ ನಂಬರ್ ಹೇಳುತ್ತಾರೆ, ಅಥವಾ ಪ್ರಾರ್ಥಿಸುತ್ತಾರೆ, ಅಥವಾ ಒಂದು ವಾಕ್ಯ ಓದಿ ಕೂರುತ್ತಾರೆ. ನಂಬಿದವರೆಲ್ಲರೂ ಯಾಜಕರೇ (ಅಂದರೆ ಪುರೋಹಿತರೇ), ಪವಿತ್ರಾತ್ಮ ಯಾರನ್ನು ಪ್ರೇರೇಪಿಸುತ್ತಾನೋ ಅವರು ಏಳಲಿ ಅನ್ನುವುದು ಇವರ ನಂಬಿಕೆ. ನಿಜ ಹೇಳಬೇಕಂದರೆ, ನಮ್ಮಲ್ಲಿ ಯಾರು ಎದ್ದರೆ ಯಾವ ಕೀರ್ತನೆ ಅಂತ ಮಕ್ಕಳಿಗೆಲ್ಲ ಬಾಯಿಪಾಠವಾಗಿತ್ತು!

ಈ ಪದ್ಧತಿ ಶುರುವಾದದ್ದು 1820ರ ದಶಕದ ಕೊನೆಯಲ್ಲಿ, ಐರ್ಲೆಂಡಿನ ಡಬ್ಲಿನ್‌ನಲ್ಲಿ. ಪಾದ್ರಿ ಇಲ್ಲದೆಯೇ ಒಟ್ಟಿಗೆ ಕೂತು ಯೇಸುವಿನ ನೆನಪಿಗೆ ರೊಟ್ಟಿ ಮುರಿಯಬಹುದು ಅಂದವರಲ್ಲಿ ಆಂಟನಿ ನಾರಿಸ್ ಗ್ರೋವ್ಸ್ ಒಬ್ಬರು. ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಹಲ್ಲಿನ ವೈದ್ಯರಾಗಿದ್ದವರು. 1829ರಲ್ಲಿ ಬಾಗ್ದಾದಿಗೆ ಹೊರಟರು, 1833ರಲ್ಲಿ ಭಾರತಕ್ಕೆ ಬಂದರು. ಇಂಗ್ಲೆಂಡಿನ ಪ್ಲಿಮತ್ ಊರಿನಲ್ಲಿ ದೊಡ್ಡ ಸಭೆ ಇದ್ದದ್ದರಿಂದ ಹೊರಗಿನವರು 'ಪ್ಲಿಮತ್ ಬ್ರದರನ್' ಅಂದರು. ಒಳಗಿನವರಿಗೆ ಆ ಹೆಸರು ಅಷ್ಟಾಗಿ ಹಿಡಿಸುವುದಿಲ್ಲ, 'ಸಭೆ' ಅಂತಷ್ಟೇ ಅನ್ನುತ್ತಾರೆ.

ಇನ್ನು ಮೇಜಿನ ವಿಷಯ. ಒಂದು ರೊಟ್ಟಿ, ಒಂದು ಪಾತ್ರೆಯಲ್ಲಿ ದ್ರಾಕ್ಷಾರಸ. ಪ್ರತಿ ಭಾನುವಾರವೂ ಇದು ಇದ್ದೇ ಇರುತ್ತದೆ. ಸಾಲಿನಲ್ಲಿ ಕೈಯಿಂದ ಕೈಗೆ ಬರುತ್ತದೆ. ನಿಮ್ಮ ಹತ್ತಿರ ಬಂದಾಗ ತೆಗೆದುಕೊಳ್ಳಬೇಡಿ, ಪಕ್ಕದವರಿಗೆ ದಾಟಿಸಿ. ಪ್ರಸಾದ ಬೇಡ ಅಂದ ಹಾಗಾಗುತ್ತೇನೋ ಅಂತ ಸಂಕೋಚವೂ ಬೇಡ, ಅದು ಪ್ರಸಾದವಲ್ಲ. ರೊಟ್ಟಿ ರೊಟ್ಟಿಯೇ, ಯೇಸುವಿನ ಮರಣವನ್ನು ನೆನೆಯುವುದಕ್ಕಾಗಿ ಮುರಿಯುತ್ತಾರೆ, ಅಷ್ಟೇ. ನಂಬಿ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಪಡೆದು ಸಭೆಯ ಅನ್ಯೋನ್ಯತೆಯಲ್ಲಿ, ಅಂದರೆ ಸಭೆಗೆ ಸೇರಿದವರಾಗಿ, ಇರುವವರು ಮಾತ್ರ ತಿನ್ನುತ್ತಾರೆ. ಕಾಣಿಕೆಯ ಚೀಲ ಬಂದರೂ ಹಾಗೆಯೇ ದಾಟಿಸಿ. ಅತಿಥಿಗಳಿಂದ ಹಣ ನಿರೀಕ್ಷಿಸುವ ರೂಢಿ ಇಲ್ಲಿಲ್ಲ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಸಾವಿರಾರು ಅನಾಥ ಮಕ್ಕಳನ್ನು ಸಾಕಿದ ಜಾರ್ಜ್ ಮುಲ್ಲರ್ ಇದೇ ಪಂಥದವರು. ಯಾರ ಹತ್ತಿರವೂ ದುಡ್ಡು ಕೇಳದೆ, ಬರೀ ಪ್ರಾರ್ಥನೆ ಮಾಡಿ ಅನಾಥಾಲಯ ನಡೆಸಿದವರು ಅಂತ ಅವರ ಕಥೆಯನ್ನು ಭಾನುವಾರ ಶಾಲೆಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಜೋರಾಗಿ ಚಪ್ಪಾಳೆ, ಡ್ರಮ್ಸ್, ಅನ್ಯಭಾಷೆಯ (ಆವೇಶದಲ್ಲಿ ಬರುವ, ಕೇಳಿದವರಿಗೆ ತಿಳಿಯದ ಮಾತಿನ) ಪ್ರಾರ್ಥನೆ ನಿರೀಕ್ಷಿಸಿದ್ದರೆ ನೀವು ಹುಡುಕುತ್ತಿರುವುದು ಪೆಂಟಕೋಸ್ಟಲ್ ಸಭೆ. ಇಲ್ಲಿ ಬೋಧನೆಯೇ ಉದ್ದ. ಕೂತವರೆಲ್ಲ ಸತ್ಯವೇದ ತೆರೆದುಕೊಂಡು ವಾಕ್ಯ ವಾಕ್ಯವಾಗಿ ಹಿಂಬಾಲಿಸುತ್ತಾರೆ.

ಮುಗಿದ ಮೇಲೆ ಯಾರಾದರೂ ಹಿರಿಯರು ಕೈ ಹಿಡಿದು "ನೀವು ರಕ್ಷಣೆ ಹೊಂದಿದ್ದೀರಾ?" ಅಂತ ಕೇಳಿಯೇ ಕೇಳುತ್ತಾರೆ. ಗಾಬರಿ ಬೇಡ, ಯೇಸುವನ್ನು ನಂಬಿ ಪಾಪದಿಂದ ಬಿಡುಗಡೆ ಪಡೆದಿದ್ದೀರಾ ಅಂತ ಅದರ ಅರ್ಥ. ಕ್ರೈಸ್ತರ ಮನೆಯಲ್ಲಿ ಹುಟ್ಟಿದ ಮಾತ್ರಕ್ಕೆ ಯಾರೂ ಕ್ರೈಸ್ತರಾಗುವುದಿಲ್ಲ, ಪ್ರತಿಯೊಬ್ಬರೂ ತಾವೇ ಪಾಪವನ್ನು ಒಪ್ಪಿಕೊಂಡು ಯೇಸುವನ್ನು ನಂಬಬೇಕು ಅನ್ನುವುದು ಇವರ ನಂಬಿಕೆಯ ತಿರುಳು. ಅದಕ್ಕೇ ಕೂಸುಗಳಿಗೆ ದೀಕ್ಷಾಸ್ನಾನ ಕೊಡುವುದಿಲ್ಲ. ಬುದ್ಧಿ ಬಂದವರನ್ನು, ನಂಬಿದ್ದೇನೆ ಅಂತ ಹೇಳಿದ ಮೇಲೆ, ತೊಟ್ಟಿಯಲ್ಲೋ ಹೊಳೆಯಲ್ಲೋ ಪೂರ್ತಿ ಮುಳುಗಿಸುತ್ತಾರೆ. "ಸುಮ್ನೆ ನೋಡಲು ಬಂದೆ" ಅಂತ ನೇರವಾಗಿ ಹೇಳಿಬಿಡಿ. ಸುತ್ತಿಬಳಸಿದರೆ ಮಾತು ಇನ್ನೂ ಉದ್ದವಾಗುತ್ತದೆ.

ಒಂದು ವಿಷಯ ಮುಂಚೆಯೇ ತಿಳಿದಿರಲಿ. ಹೆಚ್ಚಿನ ಸಭೆಗಳಲ್ಲಿ ಸಹೋದರಿಯರು ಹಾಡುತ್ತಾರೆ, ಆದರೆ ಎದ್ದು ಬೋಧಿಸುವುದಿಲ್ಲ, ಆರಾಧನೆಯಲ್ಲಿ ಗಟ್ಟಿಯಾಗಿ ಪ್ರಾರ್ಥಿಸುವುದೂ ಇಲ್ಲ. ಎಲ್ಲರೂ ಯಾಜಕರು ಅಂದಮೇಲೆ ಇದು ಹೇಗೆ ಅಂತ ನಾನು ಹದಿನಾರನೇ ವಯಸ್ಸಿನಿಂದ ಕೇಳುತ್ತಿದ್ದೇನೆ. ವಾಕ್ಯ ತೋರಿಸುತ್ತಾರೆ, ನನಗೆ ಮಾತ್ರ ಇನ್ನೂ ಸಮಾಧಾನವಾಗಿಲ್ಲ.

ನೀವು ಆಗಲೇ ದೀಕ್ಷಾಸ್ನಾನ ಪಡೆದು ಬೇರೆ ಊರಿನಿಂದ ಬಂದವರಾದರೆ ನಿಮ್ಮ ಸಭೆಯ ಹಿರಿಯರಿಂದ ಪರಿಚಯ ಪತ್ರ ತನ್ನಿ. ಇಲ್ಲವಾದರೆ ಮೊದಲ ವಾರ ಹಿಂದೆಯೇ ಕೂರಿಸಬಹುದು. 1848ರಲ್ಲಿ ಬ್ರದರನ್ನರು ಎರಡು ಪಾಲಾದರು. ಈ ವಿಷಯದಲ್ಲಿ ಓಪನ್ ಸಭೆಗಳು ಸ್ವಲ್ಪ ಸಡಿಲ, ಎಕ್ಸ್‌ಕ್ಲೂಸಿವ್ ಸಭೆಗಳು ಬಲು ಬಿಗಿ. ಯಾವುದು ಅಂತ ಕರೆದವರನ್ನೇ ಕೇಳಿಕೊಳ್ಳಿ.

ಕರೆದಿರುವುದು ಭಕ್ತ ಸಿಂಗ್ ಅವರ ಸಭೆಗಾದರೆ ಅರ್ಧ ದಿನ ಬಿಡುವು ಮಾಡಿಕೊಳ್ಳಿ. ಪಂಜಾಬಿನಲ್ಲಿ ಸಿಖ್ಖರಾಗಿ ಹುಟ್ಟಿ, ಕೆನಡಾದಲ್ಲಿ ಯೇಸುವನ್ನು ನಂಬಿ, 1941ರಲ್ಲಿ ಮದ್ರಾಸಿನಲ್ಲಿ ಸಭೆ ಶುರು ಮಾಡಿದವರು ಅವರು. ಬ್ರದರನ್ ಗುಂಪಿಗೆ ಸೇರಿದವರಲ್ಲ, ಆದರೆ ರೀತಿ ಬಹಳ ಹತ್ತಿರ. ಅಲ್ಲಿ ಆರಾಧನೆಯ ನಂತರ ಎಲ್ಲರೂ ಒಟ್ಟಿಗೆ ಕೂತು ಪ್ರೇಮಭೋಜನ ಮಾಡುವ ರೂಢಿ ಇದೆ. ನಾಚಿಕೊಂಡು ಗೇಟಿನ ಕಡೆ ನಡೆಯಬೇಡಿ, ಕೈ ತೊಳೆದು ಪಂಕ್ತಿಯಲ್ಲಿ ಕೂತುಬಿಡಿ. ಈ ಊಟಕ್ಕೆ ದೀಕ್ಷಾಸ್ನಾನ ಆಗಿದೆಯಾ ಅಂತ ಯಾರೂ ಕೇಳುವುದಿಲ್ಲ.